ಅಪ್ಪನ ಕೈ ಅಡ್ಡ ಬಂದ ಪಿಚ್ಚರು

ಮೊದ್ಲೇ ಒಪ್ಕೊಂಡುಬಿಡ್ತೀನಿ. ಹಾರನಹಳ್ಳಿ ಕಡೆ ಪಿಚ್ಚರ್ ಕತೆ ಹೇಳೋದ್ರಲ್ಲಿ ನನ್ನ ಮೀರಿಸೋರು ಯಾರೂ ಇಲ್ಲ. ಜಂಬಕ್ಕೆ ಹೇಳ್ತಿದೀನಿ ಅನ್ಕೋಬೇಡಿ, ಊರೇ ಹೇಳುತ್ತೆ. ಊರು ಅಂದ್ರೆ ನಾನು, ಆಮೇಲೆ ನಾನು ಕೇಳಿದಾಗ ಹೂಂ ಅನ್ನೋ ನಾಲ್ಕು ಜನ. ಕಷ್ಟ ಏನಪ್ಪಾ ಅಂದ್ರೆ, ನಾನು ಎಲ್ಲಕ್ಕಿಂತ ಚೆನ್ನಾಗಿ ಹೇಳೋ ಪಿಚ್ಚರನ್ನ ನಾನು ಸರಿಯಾಗಿ ನೋಡೇ ಇಲ್ಲ. ಟಾಕೀಸಿಗೆ ಹೋಗಿದ್ದೆ, ಎರಡೂವರೆ ಗಂಟೆ ಸೀಟಲ್ಲಿ ಕೂತಿದ್ದೆ, ಬೋಂಡಾನೂ ತಿಂದಿದ್ದೆ. ನೋಡಿದ್ದು ಮಾತ್ರ ಅರ್ಧ.

ಆಗ ನಾನು ಎಂಟನೇ ಕ್ಲಾಸು. ಹುಣಸೂರಿಗೆ ಒಂದು ಸೇಡಿನ ಪಿಚ್ಚರು ಬಂದಿತ್ತು. ಅಣ್ಣನ್ನ ಕೊಂದ ಮನೆಯ ಏಳು ಗಂಡಸರನ್ನೂ ತಮ್ಮ ಮಚ್ಚು ಹಿಡ್ಕೊಂಡು ಒಬ್ಬೊಬ್ಬರಾಗಿ ಮುಗಿಸೋದು, ಕತೆ ಅಷ್ಟೇ. ‘ಸೋಮವಾರ ಏಳಕ್ಕೆ ಏಳು ಕೊಲೆನೂ ಆಕ್ಷನ್ ಸಮೇತ ಹೇಳ್ತೀನಿ’ ಅಂತ ಕ್ಲಾಸಲ್ಲಿ ಸಾರಿಬಿಟ್ಟಿದ್ದೆ. ಹಿಂದಿನ ಬೆಂಚಿನ ಮಂಜನಿಗೆ ಹೊಟ್ಟೆಕಿಚ್ಚು. ‘ಹೇಳ್ಲಾ, ಹೇಳು. ಮುಂದಿನ್ ಭಾನ್ವಾರ ಮಿರ್ಲೇಲಿರೋ ಮಾವ ನನ್ನ ಕೆ.ಆರ್. ನಗರಕ್ಕೆ ಅದೇ ಪಿಚ್ಚರ್‌ಗೆ ಕರ್ಕಂಡೋಯ್ತರೆ. ಒಂದ್ ಸುಳ್ಳು ಸಿಕ್ತು ಅಂದ್ರೆ, ಅವತ್ತಿಂದ ಕ್ಲಾಸಲ್ಲಿ ಕತೆ ಹೇಳೋದು ನಾನು’ ಅಂದ. ಎಲ್ರೂ ಚಪ್ಪಾಳೆ ಹೊಡೆದ್ರು. ನನ್ನ ಇಷ್ಟು ವರ್ಷದ ಸಂಪಾದನೆ ಅಂದ್ರೆ ಅದೊಂದು ಹೆಸರು. ಅದು ಹೋದ್ರೆ ಉಳಿಯೋದು ಬರೀ ಮಾರ್ಕ್ಸ್ ಕಾರ್ಡು. ಅದನ್ನ ನಂಬ್ಕೊಂಡು ಬದುಕೋ ಹಂಗಿರಲಿಲ್ಲ.

ಅಪ್ಪ ‘ಕೊಲೆ ಪಿಚ್ಚರು, ಬ್ಯಾಡ’ ಅಂದ. ನಾನು ಪೋಸ್ಟರ್ ಮೂಲೆಯ ಯು/ಎ ತೋರಿಸಿ, ‘ದೊಡ್ಡೋರು ಪಕ್ಕದಲ್ಲಿ ಕುಂತು ತಿಳಿವಳಿಕೆ ಹೇಳ್ತಿದ್ರೆ ಮಕ್ಳು ನೋಡ್ಬೌದು ಅಂತ ಸರ್ಕಾರನೇ ಬರ್ದೈತೆ ಕಣಪ್ಪಾ’ ಅಂದೆ. ಸರ್ಕಾರದ ಹೆಸರು ಎತ್ತಿದ್ದೇ ತಪ್ಪಾಯ್ತು. ಎಲೆಕ್ಷನ್ ಡ್ಯೂಟಿ ಬಿದ್ದ ಮೇಷ್ಟ್ರ ಹಂಗೆ ಅಪ್ಪನ ಮುಖ ಗಂಭೀರ ಆಯ್ತು. ಬಿಳಿ ಷರ್ಟು ಇಸ್ತ್ರಿ ಮಾಡಿಸ್ಕೊಂಡ. ಹೊಗೆಸೊಪ್ಪು ಕೀಳೋ ಕಾಲ ಅದು, ಕೈಗೆ ಹತ್ತಿದ ಕರಿ ಅಂಟನ್ನ ತೆಂಗಿನ ನಾರು ಹಾಕಿ ಅರ್ಧ ಗಂಟೆ ಉಜ್ಜಿದ. ಅಪ್ಪನ ಬಲಗೈಯ ಉಂಗುರದ ಬೆರಳು, ಹಿಂದೆ ಯಾವಾಗಲೋ ಕುಡುಗೋಲು ತಾಗಿ ಸೊಟ್ಟ ಆಗಿದೆ. ಟೀ ಲೋಟ ಹಿಡಿದ್ರೂ ಅದೊಂದು ಮಾತ್ರ, ಮದುವೆ ಮನೇಲಿ ಮುನಿಸಿಕೊಂಡ ನೆಂಟನ ಹಂಗೆ ದೂರ ನಿಂತಿರುತ್ತೆ.

ಪಿಚ್ಚರಲ್ಲಿ ಮೊದಲ ಮಚ್ಚು ಮೇಲೆದ್ದಿದ್ದೇ ತಡ, ಆ ಕೈ ಬಂದು ನನ್ನ ಮುಖದ ಮೇಲೆ ಕೂತ್ಕೊಳ್ತು. ಹೊಗೆಸೊಪ್ಪಿನ ಘಾಟು, ಮೇಲೆ ಸೋಪಿನ ವಾಸನೆ. ಕತ್ತಲಲ್ಲಿ ಅಪ್ಪನ ತಿಳಿವಳಿಕೆ ಬೇರೆ: ‘ನೋಡ್ದಾ ಮಗ, ಜಗುಲಿ ಮೇಲ್ ಕುಂತು ಮಾತಾಡಿದ್ರೆ ಮುಗ್ದೋಗದು. ಇಷ್ಟೊಂದ್ ಯಾಕ್ ಓಡಾಡ್ತರೋ!’ ಏನ್ ನೋಡಲಿ, ಕಣ್ಣೇ ಇಲ್ಲ! ಊಟದ ಸೀನ್ ಬಂದ್ರೆ ಕೈ ತೆಗೆದು ‘ಈಗ ನೋಡು’ ಅಂತಿದ್ದ. ಹಂಗಾಗಿ ನಾನು ನೋಡಿದ ಪಿಚ್ಚರಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ. ಮೊದಲ ಊಟಕ್ಕೆ ಏಳು ಎಲೆ ಹಾಕಿದ್ರು, ಆಮೇಲೆ ಐದು, ಆಮೇಲೆ ಮೂರು. ಆ ಮನೇಲಿ ದಿನದಿನಕ್ಕೂ ಅನ್ನ ಮಾತ್ರ ಮಿಗ್ತಾ ಹೋಯ್ತು. ಕೊನೇ ಹತ್ತು ನಿಮಿಷವಂತೂ ಕೈ ಇಳೀಲೇ ಇಲ್ಲ. ಇಳಿದಾಗ ಲೈಟು ಹತ್ತಿತ್ತು, ಜನ ಚಪ್ಪಲಿ ಹುಡುಕ್ತಿದ್ರು. ಹೀರೋ ಸತ್ತನೋ ಬದುಕಿದನೋ ಆ ದೇವರಿಗೇ ಗೊತ್ತು.

ಸೋಮವಾರ ಬಂತು. ಏನ್ ಮಾಡ್ಲಿ, ಏಳು ಕೊಲೆನೂ ನಾನೇ ಮಾಡಿದೆ. ಕೊನೆಯವನನ್ನ ಬಾವಿಗೆ ತಳ್ಳಿ, ನೀರೆಲ್ಲ ಕೆಂಪಾಗಿ, ಅದನ್ನ ಪಂಪ್‌ಸೆಟ್ಟಲ್ಲಿ ಹಾಯಿಸಿ ಮೂರು ಎಕರೆ ಗದ್ದೆ ಕೆಂಪು ಮಾಡಿದೆ. ಹುಡುಗೀರು ಕಿವಿ ಮುಚ್ಕೊಂಡ್ರು. ಅಷ್ಟಾದ್ರೂ ಭಾನುವಾರ ಕೆ.ಆರ್. ನಗರದ ಬಸ್ಸು ಕೆಟ್ಟು ನಿಲ್ಲಲಿ ಅಂತ ದಿನಾ ಹರಕೆ ಹೊತ್ತೆ. ಬಸ್ಸು ಕೆಡಲಿಲ್ಲ. ಮರುದಿನ ಮಂಜ ಬಂದ. ಇಡೀ ಕ್ಲಾಸು ಅವನ ಬಾಯನ್ನೇ ನೋಡ್ತಿತ್ತು. ಅವನು ಬ್ಯಾಗು ಇಳಿಸಿ, ನೆಲ ನೋಡ್ಕೊಂಡು, ‘ಎಲ್ಲಾ ಇವ್ನು ಹೇಳ್ದಂಗೇ ಐತೆ ಕಣ್ರಲಾ. ಆ ಬಾವಿ ಸೀನಂತೂ ಸೂಪರು’ ಅಂದ. ಕೆ.ಆರ್. ನಗರದಲ್ಲೂ ಒಂದು ಕೈ ಇತ್ತು ಅಂತ ನನಗೆ ಗೊತ್ತಾಗಿದ್ದು ಆವಾಗಲೇ.

ಆ ವಾರವೇ ಇನ್ನೊಂದು ತಮಾಷೆ. ಅಪ್ಪ ನನ್ನ ಹಿತ್ತಿಲಿಗೆ ಕರೆದು, ‘ಲೋ, ಕೊನೇಲಿ ಏನಾಯ್ತು? ಸೊಪ್ಪು ಕಟ್ಟೋ ಹೆಂಗುಸ್ರು ಕತೆ ಕೇಳ್ತಾವ್ರೆ’ ಅಂದ.

‘ನನ್ ಕಣ್ಣು ನೀನೇ ಮುಚ್ಚಿದ್ದಲ್ಲಪ್ಪಾ!’

‘ನೀನು ಬುಡು, ಕದ್ದು ನೋಡಿರ್ತೀಯ. ನಾನೇ... ನಿನ್ ಕಾಯದ್ರಲ್ಲಿ ಸರ್ಯಾಗಿ ಗಮನ ಕೊಡ್ಲಿಲ್ಲ.’

ತಕ್ಷಣ ನೆನಪಾಯ್ತು. ಮನೇಲಿ ಕೋಳಿ ಕುಯ್ಯೋ ದಿನ ಅಪ್ಪ ‘ಮೋಟ್ರು ನೋಡ್ಕಂಡ್ ಬತ್ತೀನಿ’ ಅಂತ ಗದ್ದೆಗೆ ಹೋದ್ರೆ, ಸಾರು ಕುದಿಯೋವರೆಗೂ ವಾಪಸ್ ಬರಲ್ಲ. ನಾನು ಬಾವಿ ಸೀನು ಕೊಟ್ಟುಬಿಟ್ಟೆ. ಮಧ್ಯಾಹ್ನ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮುಂದೆ ಸೊಪ್ಪು ಕಟ್ತಾ ಕೂತವರಿಗೆ ಅಪ್ಪ ಕತೆ ಹೇಳಿದ ನೋಡಿ! ನನ್ನ ಬಾವಿಗೆ ಒಂದು ಮೊಸಳೆ ಬಿಟ್ಟ. ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರಿಂದ ನಡ್ಕೊಂಡು ಬಂದಿದ್ದಂತೆ. ನನ್ನ ವಿದ್ಯೆ ಯಾರ ಕಡೆಯಿಂದ ಬಂತು ಅಂತ ಅವತ್ತು ತಿಳೀತು.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅದೇ ಪಿಚ್ಚರು ಟಿವೀಲಿ ಬಂತು. ನನಗೀಗ ಹದಿನೇಳು, ಮೀಸೆ ಬಂದಿದೆ, ಅಪ್ಪನಿಗಿಂತ ಎರಡು ಬೆರಳು ಎತ್ತರ. ಕೊನೇ ಸೀನಲ್ಲಿ ಮಚ್ಚು ಮೇಲೆದ್ದಿದ್ದೇ ಅದೇ ಕೈ, ಅದೇ ಘಾಟು, ಬಂದು ನನ್ನ ಮುಖದ ಮೇಲೆ ಕೂತ್ಕೊಳ್ತು. ತಳ್ಳಬಹುದಿತ್ತು. ಯಾಕೋ ಮನಸು ಬರಲಿಲ್ಲ.

ಅಡುಗೆಮನೆಯಿಂದ ಅಮ್ಮ ಬಂದ್ಲು. ‘ಏನ್ರೀ, ಅಪ್ಪ ಮಗ ಇಬ್ರೂ ಕಣ್ ಮುಚ್ಕಂಡು ಅದೇನ್ ನೋಡ್ತಿದ್ದೀರಿ? ಮುಗೀತು, ಬುಡಿ.’

‘ಸತ್ತ್ನಾ?’ ಅಂದ ಅಪ್ಪ, ಕಣ್ಣು ಬಿಡದೆ.

‘ಅದ್ ಗೊತ್ತಿಲ್ಲ, ನಾನು ಈಗ ಬಂದೆ. ಮೊಸಳೆ ಮಾತ್ರ ಎಲ್ಲೂ ಕಾಣ್ಲಿಲ್ಲ’ ಅಂದ್ಲು.

ಅಮ್ಮ ನೋಡಿದ್ದು ಸರಿ, ಇಬ್ಬರದ್ದೂ ಮುಚ್ಚಿತ್ತು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನ ಯಾಕೆ ಮುಚ್ಚಿಡಲಿ. ಅಪ್ಪನ ಆ ಸೊಟ್ಟ ಬೆರಳು ಪಕ್ಕದ ಬೆರಳಿಗೆ ಸೇರಲ್ಲ ಅಂದ್ನಲ್ಲ, ಆ ಸಂದಿ ಸರಿಯಾಗಿ ನನ್ನ ಎಡಗಣ್ಣಿನ ಮುಂದೆ ಬರುತ್ತೆ. ಅದರಲ್ಲಿ ಹುಣಸೂರಿನ ಇಡೀ ಪರದೆ ಕಾಣೋದು. ಆದ್ರೆ ಅವತ್ತೂ, ಹೋದ ತಿಂಗಳೂ, ಕೈ ಬರೋಕೆ ಮುಂಚೆನೇ ನಾನೇ ಕಣ್ಣು ಮುಚ್ಕೊಂಡಿದ್ದೆ.