ಗಾಡಿ ಮೂಸುವ ನಮ್ಮ ಮಾವ

ನಮ್ಮ ಸೋದರಮಾವ ಮನುಷ್ಯರನ್ನು ಮಾತಾಡಿಸುವುದಕ್ಕೆ ಮೊದಲು ಅವರ ಗಾಡಿಯನ್ನು ಮೂಸಿ ನೋಡುತ್ತಿದ್ದ. ಹೆಸರೇನು, ಯಾವೂರು, ಯಾರ ಪೈಕಿ ಎಂದು ಕೇಳುವುದೆಲ್ಲ ಆಮೇಲೆ. ಮೊದಲು ಮೂಗು! ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿದರೆ, ಆ ಕಾಲದಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆಗೆ ವ್ಯಾನು ಓಡಿಸುತ್ತಿದ್ದ ಯಾವ ಡ್ರೈವರನ್ನಾದರೂ ಕೇಳಿ. "ಓ, ಆ ಮೂಸೋ ಯಜಮಾನ್ರಾ!" ಎಂದು ನಗದಿದ್ದರೆ ನನ್ನನ್ನು ಬೈಯಿರಿ.

ಮಾವ ಭೀಮನಬೀಡಿನವನು. ಗುಂಡ್ಲುಪೇಟೆಯ ಗ್ಯಾಸ್ ಏಜೆನ್ಸಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದಿದ್ದ. ಮನೆಮನೆಗೆ ಸಿಲಿಂಡರ್ ಇಳಿಸಿ, ರೆಗ್ಯುಲೇಟರ್ ಕೂರಿಸಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡುವ ಕೆಲಸ. ಅದನ್ನು ಬಿಟ್ಟ ಮೇಲೆ ಊಟಿ ರಸ್ತೆಗೆ ಅಂಟಿಕೊಂಡಿದ್ದ ತನ್ನ ತೆಂಗಿನ ತೋಟದಲ್ಲೇ ಮನೆ ಕಟ್ಟಿಕೊಂಡು ಅತ್ತೆಯೊಂದಿಗೆ ನೆಲೆಸಿದ. ತೋಟ ದಾಟಿ ಸ್ವಲ್ಪ ದೂರ ಹೋದರೆ ಬಂಡೀಪುರದ ಕಾಡು. ಕಾಡಿನಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಹೀಗಾಗಿ ಹಾಸಿಗೆ, ಪಾತ್ರೆ, ಒಲೆ, ಸಿಲಿಂಡರ್ ಎಲ್ಲವನ್ನೂ ತುಂಬಿಕೊಂಡು ಸಂಸಾರವನ್ನೇ ಚಕ್ರದ ಮೇಲೆ ಹೊತ್ತು ತರುವ ಯಾತ್ರೆಯ ವ್ಯಾನುಗಳು, ಮಿನಿ ಬಸ್ಸುಗಳು ಮಧ್ಯಾಹ್ನದ ಅಡುಗೆಗೆ ಇವನ ತೋಟದ ನೆರಳಿಗೇ ನುಗ್ಗುತ್ತಿದ್ದವು. ಮಾವ ಯಾರಿಗೂ ಇಲ್ಲ ಎನ್ನಲಿಲ್ಲ. ನೆರಳು ಕೊಟ್ಟ, ಬಾವಿ ನೀರು ಕೊಟ್ಟ. ಅದರ ಜೊತೆಗೆ ಧಾರಾಳವಾಗಿ ಕಾಟವನ್ನೂ ಕೊಟ್ಟ!

ಗಾಡಿ ನಿಂತ ತಕ್ಷಣ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದು, ಬಾಗಿಲ ಮುಂದೆ ಮಂಡಿಯೂರಿ, ಮೆಟ್ಟಿಲಿನ ಹತ್ತಿರ ಮೂಗಿಟ್ಟು ಜೋರಾಗಿ ಉಸಿರೆಳೆಯುತ್ತಿದ್ದ. "ಗ್ಯಾಸು ಮ್ಯಾಕ್ಕೆ ಓಗಕಿಲ್ಲ ಕಣಮ್ಮಿ, ಕಳ್ಳನಂಗೆ ನೆಲ ಹಿಡ್ಕಂಡು ಓಯ್ತದೆ. ಅದ್ಕೇ ನಾವೂ ನೆಲಕ್ಕೇ ಮೂಗಿಡಬೇಕು" ಎಂದು ನನಗೆ ಪಾಠ ಹೇಳಿದ್ದ. ಪಾಠವೇನೋ ಸರಿ. ಆದರೆ ನೋಡುವವರ ಗತಿ? ಒಮ್ಮೆ ಸತ್ಯಮಂಗಲದ ಕಡೆಯಿಂದ ಬಂದಿದ್ದ ಒಬ್ಬ ತಮಿಳು ಅಜ್ಜಿ ಮೊದಲನೆಯವಳಾಗಿ ಇಳಿಯುತ್ತಿದ್ದಳು. ಕಾಲ ಬುಡದಲ್ಲಿ ಒಬ್ಬ ದೊಡ್ಡ ಮನುಷ್ಯ ಅಡ್ಡಬಿದ್ದಿರುವುದನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡು, ಅವನ ಬೋಳುತಲೆಯ ಮೇಲೆ ಕೈಯಿಟ್ಟು, "ನಲ್ಲಾ ಇರು ಕಣ್ಣು" ಎಂದು ಹರಸಿಯೇಬಿಟ್ಟಳು. ಮಾವ ಅಲ್ಲಿಂದಲೇ ತಲೆಯೆತ್ತಿ ಕೇಳಿದ: "ಆಶೀರ್ವಾದ ಇರ್ಲಿ ತಾಯಿ, ಒಳಗೆ ಎಷ್ಟ್ ಸಿಲಿಂಡ್ರು ಅದೆ?"

ಮೂಸಿದ ಮೇಲೆ ಆಜ್ಞೆಗಳು. "ಮೊದ್ಲು ಒಲೆ ಇಳೀಲಿ, ಆಮ್ಯಾಕೆ ನೀವು ಇಳೀರಿ!" ಗಾಡಿಯೊಳಗೆ ಬೆಂಕಿಕಡ್ಡಿ ಗೀರುವಂತಿಲ್ಲ. ರಬ್ಬರ್ ಪೈಪನ್ನು ಬಗ್ಗಿಸಿ ಅವನಿಗೆ ತೋರಿಸಬೇಕು. ಬಿರುಕಿದ್ದರೆ ಅಡುಗೆ ಇಲ್ಲ. ಉರಿ ಎದ್ದರೆ ಒದ್ದೆ ಗೋಣಿ ಹಿಡಿದು ಮೊದಲು ರೆಗ್ಯುಲೇಟರ್ ತಿರುಗಿಸಬೇಕು. ಪ್ರತಿ ತೆಂಗಿನಮರಕ್ಕೂ ಒಂದು ಮರಳಿನ ಬಕೆಟ್ ನೇತುಹಾಕಿದ್ದ. ಎಳನೀರಿಗಿಂತ ಬಕೆಟ್ಟೇ ಜಾಸ್ತಿ ಬಿಟ್ಟ ತೋಟ ಅದೊಂದೇ ಇರಬೇಕು! ಇನ್ನು ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಇಪ್ಪತ್ತು ಹೆಜ್ಜೆ ಅಂತರ. ಹೆಜ್ಜೆ ಯಾರದು? ಮಾವನದೇ. ಕೊನೆಕೊನೆಗೆ ಅವನಿಗೆ ಮಂಡಿನೋವು ಹತ್ತಿತು. ಒಂದು ದಿನ ಅತ್ತೆ ಜಗಲಿಯ ಮೇಲೆ ಅವರೆಕಾಳು ಬಿಡಿಸುತ್ತಾ ಹೇಳಿದಳು: "ನಿಮ್ಗೆ ಮಂಡಿನೋವು ಬಂದ್ಮೇಲೆ ಗಾಡಿಗಳೆಲ್ಲ ಹತ್ರಹತ್ರಕ್ಕೆ ಬತ್ತಾವೆ ಕಣ್ರೀ. ಇನ್ನೆರಡು ವರ್ಷ ಹಿಂಗೇ ಆದ್ರೆ ಒಂದ್ರ ಮೇಲೊಂದು ನಿಲ್ತವೆ." ಮಾರನೆಯ ದಿನ ಅಳತೆಗೆ ಬಾವಿಹಗ್ಗ ಬಂತು.

ಈ ಬೆಂಕಿಯ ಕಾವಲು ತೋಟಕ್ಕಷ್ಟೇ ಸೀಮಿತವಾಗಿದ್ದರೆ ನನಗೇನೂ ಬೇಸರವಿರಲಿಲ್ಲ. ಚಾಮರಾಜನಗರದ ಛತ್ರದಲ್ಲಿ ನನ್ನ ಮದುವೆ. ಗಂಡಿನ ಸ್ನೇಹಿತರು ಉತ್ಸಾಹದಿಂದ ಬಾಗಿಲಲ್ಲಿ ಹೂಕುಂಡ ಹಚ್ಚಿದರು. ಚಪ್ಪರ ತೆಂಗಿನಗರಿಯದು. ಮಾವ ಎಲ್ಲಿದ್ದನೋ, ಎಲ್ಲಿಂದ ಬಂದನೋ! ಕೊಳದಪ್ಪಲೆಯ ತುಂಬ ನೀರು ತಂದು ಒಂದೇ ಸಲಕ್ಕೆ ಎರಚಿದ. ಹೂಕುಂಡ ಆರಿತು. ಅದರ ಹಿಂದೆ ನಿಂತಿದ್ದ ಮದುಮಗನೂ ತೊಯ್ದು ತೊಪ್ಪೆಯಾದ. ಈಗಲೂ ನಮ್ಮ ಆಲ್ಬಮ್ ನೋಡಿದವರು, "ಪಾಪ, ತಾಳಿ ಕಟ್ಟೋಕೆ ಇಷ್ಟೊಂದು ಬೆವರಿದಾರಲ್ಲ, ಅಷ್ಟು ಹೆದರಿದ್ರಾ?" ಎಂದು ಕೇಳುತ್ತಾರೆ. ಹೌದು ಎಂದೇ ಹೇಳುತ್ತೇನೆ. ನಿಜ ಹೇಳಿ ಮಾವನ ಮರ್ಯಾದೆ ಕಳೆಯುವುದಕ್ಕಿಂತ ಗಂಡನ ಮರ್ಯಾದೆ ಕಳೆಯುವುದು ಸುಲಭ ನೋಡಿ!

ಮಾವನ ಬಾಳಿನಲ್ಲಿ ಒಂದು ಸುದಿನವೂ ಬಂತು. ಒಬ್ಬ ಬಿಳಿಗಡ್ಡದ ವಿದೇಶಿ ಮತ್ತು ಅವನ ಹೆಂಡತಿ ದೊಡ್ಡದೊಂದು ಮನೆಬಸ್ಸನ್ನೇ ಓಡಿಸಿಕೊಂಡು ಬಂದು ತೋಟದಲ್ಲಿ ಇಳಿದರು. ಒಳಗೆ ಮಂಚ, ಅಡುಗೆಕಟ್ಟೆ, ಬಟ್ಟೆಯ ಬೀರು, ಎಲ್ಲವೂ ಇತ್ತಂತೆ. ಏಜೆನ್ಸಿಯ ಇಂಗ್ಲಿಷಿನಲ್ಲಿ ಮಾವನಿಗೆ ಬರುತ್ತಿದ್ದದ್ದು "ಓಪನ್", "ಕ್ಲೋಸ್", "ಡೇಂಜರ್" ಮತ್ತು "ನೋ ಸ್ಟಾಕ್". ಆ ನಾಲ್ಕೇ ಮಾತಿನಲ್ಲಿ ಮೂರು ಗಂಟೆ ಸಂಭಾಷಣೆ ನಡೆಸಿದ! ಆ ದೊರೆ ತನ್ನ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೋರಿಸಿದ, ಬೆಂಕಿಯ ಮೇಲೆ ಹೊದಿಸುವ ಕಂಬಳಿ ತೋರಿಸಿದ, ಸಿಲಿಂಡರಿಗೆಂದೇ ಮಾಡಿಸಿದ್ದ ಗೂಡು, ಅದರ ತಳದಲ್ಲಿ ಗ್ಯಾಸು ಹೊರಹೋಗಲು ಬಿಟ್ಟ ಕಿಂಡಿ ತೋರಿಸಿದ. ಮಾವ ಆ ಕಿಂಡಿಯೊಳಗೆ ಬೆರಳು ತೂರಿಸಿ, "ನೋಡು, ನೋಡು! ಇವ್ನು ನಮ್ಮೋನು ಕಣೇ!" ಎಂದು ಅತ್ತೆಯನ್ನು ಕೂಗಿದನಂತೆ. ಹೊರಡುವಾಗ ಅವರು ಹೊಗೆ ಕಂಡರೆ ಕಿರುಚುವ ಒಂದು ದುಂಡನೆಯ ಬಿಲ್ಲೆಯನ್ನು ಉಡುಗೊರೆಯಾಗಿ ಕೊಟ್ಟುಹೋದರು.

ಮಾವ ಅದನ್ನು ನೇರವಾಗಿ ಅತ್ತೆಯ ಅಡುಗೆಮನೆಯ ಸೂರಿಗೆ ಹೊಡೆದ. ಅಲ್ಲಿಂದ ಶುರುವಾಯಿತು ನೋಡಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೀಂ! ರೊಟ್ಟಿ ಸ್ವಲ್ಪ ಸೀದರೆ ಕೀಂ! "ಸಾರಿಗೆ ಸಾಸಿವೆ ಸಿಡಿಸೋಕೂ ಇದ್ರ ಅಪ್ಪಣೆ ಬೇಕಾ?" ಎಂದು ಅತ್ತೆ ಸೌಟು ಬೀಸಿದಳು. ನಾಲ್ಕನೆಯ ದಿನದಿಂದ ಬಿಲ್ಲೆ ಗಪ್‌ಚಿಪ್. "ನೋಡಿದ್ರಾ, ನಮ್ಮೋಳು ಹೊಗೆ ಬರ್ದಂಗೆ ಅಡ್ಗೆ ಮಾಡೋದ ಕಲ್ತವ್ಳೆ" ಎಂದು ಮಾವ ಎರಡು ತಿಂಗಳು ಊರೆಲ್ಲ ಹೇಳಿಕೊಂಡು ತಿರುಗಿದ. ಅತ್ತೆ ಅದರ ಸೆಲ್ಲು ಕಿತ್ತು ಗೋಡೆ ಗಡಿಯಾರಕ್ಕೆ ಹಾಕಿದ್ದು ನನಗೆ ಮಾತ್ರ ಗೊತ್ತಿತ್ತು. ಗಡಿಯಾರ ಮಾತ್ರ ಬಹಳ ಚೆನ್ನಾಗಿ ಓಡುತ್ತಿತ್ತು!

ಇಷ್ಟೆಲ್ಲ ನಕ್ಕಿದ್ದಾಯಿತು. ಈಗ ಆ ಆಷಾಢದ ಭಾನುವಾರದ ವಿಷಯ ಹೇಳಬೇಕು.

ನಾನೂ ನನ್ನ ಗಂಡನೂ ಚಾಮರಾಜನಗರದಿಂದ ಬೆಳಿಗ್ಗೆಯೇ ತೋಟಕ್ಕೆ ಹೋಗಿದ್ದೆವು. ವಿಪರೀತ ಗಾಳಿ. ತೆಂಗಿನಗರಿಗಳು ಒಂದಕ್ಕೊಂದು ಹೊಡೆದಾಡುತ್ತಿದ್ದವು. ಹನ್ನೊಂದರ ಹೊತ್ತಿಗೆ ದಾವಣಗೆರೆ ಕಡೆಯ ಒಂದು ಸಂಸಾರ ಮಿನಿ ಬಸ್ಸಿನಲ್ಲಿ ಬಂತು. ಎಲ್ಲರೂ ಇಳಿದರು, ಒಬ್ಬ ಅಜ್ಜಿಯನ್ನು ಬಿಟ್ಟು. ಅವಳಿಗೆ ಕಾಲು ಬರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು ಮಲಗಿದ್ದಳು. ಮಾವ ಎಂದಿನಂತೆ ಮೂಸಿದ, ಒಲೆ ಇಳಿಸಿದ, ಪೈಪು ಬಗ್ಗಿಸಿ ನೋಡಿದ. ಮುಖ ಗಂಟಿಕ್ಕಿತು.

"ಇದ್ರಲ್ಲಿ ಹಚ್ಬ್ಯಾಡಿ. ಬಿರಿದದೆ."

"ಊರು ಬಿಟ್ಟು ಎಂಟು ದಿನಾತು ಯಜಮಾನ್ರೇ, ಇದರಾಗೇ ಅಡುಗಿ ಮಾಡೇವಿ. ಏನೂ ಆಗಿಲ್ಲ" ಎಂದು ಆ ಮನೆಯ ಹಿರಿಯ ನಕ್ಕ.

"ಆಗೋವರ್ಗೂ ಏನೂ ಆಗಕಿಲ್ಲ ಸ್ವಾಮಿ. ಒಸಿ ತಡೀರಿ, ನಂತಾವ ಹೊಸಾ ಪೈಪ್ ಅದೆ" ಎಂದು ಮಾವ ಟ್ರಂಕಿನಲ್ಲಿ ಹುಡುಕಲು ಮನೆಯೊಳಗೆ ಹೋದ.

ಅವನು ಹುಡುಕುತ್ತಿರುವಾಗ ಬಸ್ಸಿನಲ್ಲಿದ್ದ ಅಜ್ಜಿ ಟೀ ಕೇಳಿದಳು. ಸೊಸೆ ಪಾಪ, ಅವಳಿಗೆ ಒಂದು ಲೋಟ ಟೀ ಕಾಸಿಕೊಟ್ಟರೆ ಏನಾದೀತು ಎಂದುಕೊಂಡಳು. ಹೊರಗಿನ ಗಾಳಿಗೆ ಕಡ್ಡಿ ನಿಲ್ಲಲಿಲ್ಲ. ಹಾಗಾಗಿ ಸಿಲಿಂಡರನ್ನೂ ಒಲೆಯನ್ನೂ ಮತ್ತೆ ಬಸ್ಸಿನೊಳಕ್ಕೆ ಎತ್ತಿ, ಬಾಗಿಲಿನ ಪಕ್ಕದಲ್ಲಿಟ್ಟು, ಅಲ್ಲೇ ಹಚ್ಚಿದಳು.

ನಾನು ಕೇಳಿದ್ದು ಮೊದಲು ಬುಸ್ ಎನ್ನುವ ಒಂದು ಸದ್ದು. ಆಮೇಲೆ ಸೊಸೆಯ ಚೀರಾಟ. ಅವಳು ಹೊರಕ್ಕೆ ಹಾರಿಕೊಂಡಳು. ಪೈಪಿನಿಂದ ಎದ್ದ ಉರಿ ಕಿಟಕಿಯ ಪರದೆಗೆ ಹತ್ತಿಕೊಂಡಿತ್ತು. ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಲ್ಲಿ ಬೆಂಕಿ, ಬೆಂಕಿಯಾಚೆ ಅಜ್ಜಿ.

ಮಾವ ಹೊಸ ಪೈಪು ಹಿಡಿದುಕೊಂಡು ಮನೆಯಿಂದ ಓಡಿಬಂದ. ಬಸ್ಸಿಗೆ ಹತ್ತು ಮಾರು ದೂರದಲ್ಲಿ ನಿಂತ. ನಿಂತೇಬಿಟ್ಟ. "ಮಾವಾ!" ಎಂದು ನಾನು ಕೂಗಿದೆ. ಅವನಿಗೆ ಕೇಳಿಸಲೇ ಇಲ್ಲ.

ಅಷ್ಟರಲ್ಲಿ ಯಾರೋ ನನ್ನನ್ನು ತಳ್ಳಿಕೊಂಡು ಮುಂದೆ ಹೋದರು. ನೋಡಿದರೆ ಅತ್ತೆ! ಬಾವಿಯ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ಗೋಣಿಚೀಲ ಅದ್ದಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಂದಿದ್ದಳು. ಮೆಟ್ಟಿಲು ಹತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಒದ್ದೆ ಗೋಣಿಯನ್ನು ಮುಂದೆ ಚಾಚಿ, ಬಲಗೈಯನ್ನು ಉರಿಯ ಕೆಳಗೆ ತೂರಿಸಿ ರೆಗ್ಯುಲೇಟರ್ ತಿರುಗಿಸಿದಳು. ಉರಿ ಬುಡದಲ್ಲೇ ಕುಗ್ಗಿ ಆರಿತು. "ಪರದೆ! ಪರದೆ ಕೀಳ್ರೋ!" ಎಂದು ಅಲ್ಲಿಂದಲೇ ಅರಚಿದಳು. ನನ್ನ ಗಂಡ ಪರದೆ ಎಳೆದು ಹೊರಕ್ಕೆಸೆದರು, ನಾನು ಬಕೆಟ್ಟಿನ ಮರಳು ಸುರಿದೆ. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು.

ಗಂಡಸರು ಅಜ್ಜಿಯನ್ನು ಎತ್ತಿ ತಂದು ಮರದ ಕೆಳಗೆ ಕೂರಿಸಿದರು. ಅಜ್ಜಿ ಎರಡು ಸಲ ಕೆಮ್ಮಿ, ಸುತ್ತ ಅಳುತ್ತ ನಿಂತವರನ್ನೆಲ್ಲ ನೋಡಿ, "ಟೀ ಆತೇನ್ರೇ?" ಎಂದಳು!

ಅತ್ತೆಯ ಬಲಗೈ ಮೊಣಕೈವರೆಗೆ ಬೆಂದಿತ್ತು. ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆದೊಯ್ದು ಕಟ್ಟು ಹಾಕಿಸಿದೆವು. ಹೊಸ ಪೈಪು ಇನ್ನೂ ಮಾವನ ಕೈಯಲ್ಲೇ ಇತ್ತು. ಡಾಕ್ಟರು ಅದೇನೆಂದು ಕೇಳಿದಾಗ ಮಗುವಿನಂತೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮುಂದಿನ ಭಾನುವಾರ ಒಬ್ಬಳೇ ಹೋದೆ. ಅತ್ತೆ ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದಳು. ಮಾವ ಅವಳ ಮುಂದೆ ತಟ್ಟೆ ಹಿಡಿದು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದ. ಪ್ರತಿ ತುತ್ತಿಗೂ ಉಫ್ ಉಫ್ ಎಂದು ಊದುತ್ತಿದ್ದ.

"ತಣ್ಣಗಾಗಿ ಕಲ್ಲಾಗದೆ, ಇನ್ನೂ ಊದ್ತಾವ್ರೆ ನೋಡವ್ವ" ಎಂದಳು ಅತ್ತೆ.

ಮಾವ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತಾ ಹೇಳಿದ: "ನಾನು ನಿಂತ್ಬುಟ್ಟೆ ಕಣಮ್ಮಿ. ಊರ್ಗೆಲ್ಲ ಬುದ್ಧಿ ಹೇಳಿ, ಅವತ್ತು ನಾನು ನಿಂತ್ಬುಟ್ಟೆ. ಕಾಲೇ ಬರ್ನಿಲ್ಲ."

ಅತ್ತೆ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದಳು:

"ನಿಂತಿದ್ದೇ ಒಳ್ಳೇದಾಯ್ತು ಬುಡಿ. ಒಬ್ರು ಓಗೋ ಅಷ್ಟೇ ಅಗಲ ಬಾಗ್ಲು. ನೀವೂ ನುಗ್ಗಿದ್ರೆ ನಾನ್ ಎಲ್ಲಿಂದ ಓಗನ?"

"ಸಿಲಿಂಡ್ರು ತಿರುವೋದ ನಿಂಗೆ ಯಾರೇ ಹೇಳ್ಕೊಟ್ರು? ನಾನ್ ಯಾವತ್ತೂ ನಿಂಗೆ ಕಲಿಸ್ನಿಲ್ವಲ್ಲ."

"ಬಂದೋರ್ಗೆಲ್ಲ ದಿನಾ ಅದೇ ಹೇಳ್ತಿದ್ರಲ್ಲ. ನಾನೇನ್ ಕಿವುಡಿಯಾ? ನಗಾಡ್ತಿದ್ದೆ ನಿಜ. ಕೇಳುಸ್ಕತಾನೂ ಇದ್ದೆ." ದನಿ ತಗ್ಗಿಸಿ ಮತ್ತೆ ಹೇಳಿದಳು: "ಬೆಂಕಿ ಗಿಂಕಿ ಬಿದ್ರೆ ಮೊದ್ಲು ನುಗ್ಗೋರು ನೀವೇ ಅಂತ ನಂಗ್ ಗೊತ್ತಿತ್ತು. ಅದ್ಕೇ ಕಲ್ತಿದ್ದೆ."

ಮಾವ ತಟ್ಟೆ ಕೆಳಗಿಟ್ಟು ಎದ್ದು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಕೈಯಲ್ಲಿ ಬಾಚಣಿಗೆ ಮತ್ತು ಹರಳೆಣ್ಣೆಯ ಬಟ್ಟಲಿತ್ತು. ಅತ್ತೆಯ ಹಿಂದೆ ಕೂತು ಎಣ್ಣೆ ಹಚ್ಚಿ, ನರೆತ ಕೂದಲನ್ನು ಸಿಕ್ಕು ಬಿಡಿಸಿ ಬಾಚಿದ. ತುರುಬು ಕಟ್ಟಲು ಬರಲಿಲ್ಲ. ಮೂರು ಸಲ ಬಿಚ್ಚಿ, ನಾಲ್ಕನೆಯ ಸಲ ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಬಿಗಿದು, ಸರಿಯಾಯಿತೋ ಇಲ್ಲವೋ ಎಂದು ತಲೆ ವಾರೆ ಮಾಡಿ ನೋಡಿ, ತೋಟದ ಕಡೆ ಹೋದ.

ಅತ್ತೆ ಎಡಗೈಯಿಂದ ತಡವಿ ನೋಡಿಕೊಂಡಳು. "ಎಮ್ಮೆಗೆ ಹಗ್ಗ ಬಿಗ್ದಂಗೆ ಬಿಗ್ದವ್ರಲ್ಲವ್ವ! ಕತ್ತು ತಿರುಗ್ಸೋಕೂ ಆಯ್ತಾ ಇಲ್ಲ."

"ಇರಿ ಅತ್ತೆ, ಬಿಚ್ಚಿ ಸರಿಯಾಗಿ ಕಟ್ತೀನಿ" ಎಂದು ನಾನು ಹತ್ತಿರ ಹೋಗಿ ಕೈ ಚಾಚಿದೆ.

ಅತ್ತೆ ಸರಕ್ಕನೆ ತಲೆ ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಬುಡು ಮಗಾ, ಅದು ಅಂಗೇ ಇರ್ಲಿ."