ಮಾಮನ ಶುಕ್ರವಾರದ ಮೀನು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆಯೆಂದು ಬೀದರಿನ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರು ಹೇಳುತ್ತಿರಲಿಲ್ಲ, ಏಕೆಂದರೆ ಆ ಅರ್ಧಕ್ಕೆ ಅವನ ಪರಿಚಯವಿರಲಿಲ್ಲ! ನೀವೇ ಹೇಳಿ: ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಶರಣರ ಹೆಸರು, ಕೈಯಲ್ಲಿ ಮೀನು. ಇಂಥವನನ್ನು ಏನೆಂದು ಕರೆಯುತ್ತೀರಿ? ನಾನು ‘ಮಾಮಾ’ ಎಂದು ಕರೆಯುತ್ತಿದ್ದೆ. ಅದೂ ಯಾರೂ ಇಲ್ಲದಾಗ. ನಾಲ್ಕು ಜನರ ಎದುರು ಆದಷ್ಟು ಕರೆಯುತ್ತಲೇ ಇರಲಿಲ್ಲ.

ಮಾಮಾ ನನ್ನ ತಾಯಿಯ ತಮ್ಮ. ಮದುವೆ ಬೇಡವೆಂದು ಊರಂಚಿನ ಮೈಲೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದ. ಅಪ್ಪ ಅವನನ್ನು ತನ್ನ ಬಟ್ಟೆ ಅಂಗಡಿಯಲ್ಲಿ ಕೂಡಿಸಿದರು. ಮಾಮಾ ಬಂದ ಗಿರಾಕಿಯ ಮುಖ ನೋಡಿ, “ಈ ಬಣ್ಣ ನಿಮಗ ಒಪ್ಪಂಗಿಲ್ರಿ, ಸುಮ್ನ ಮನಿಗಿ ಹೋಗ್ರಿ” ಎಂದು ಹೇಳಿ ಕಳಿಸಿಬಿಡುತ್ತಿದ್ದ. ಎರಡು ತಿಂಗಳಲ್ಲಿ ಅಪ್ಪ ಕೈಮುಗಿದು ಅವನನ್ನೇ ಮನೆಗೆ ಕಳಿಸಿದರು. ಆಮೇಲೆ ನಿಜಾಮರ ಸರಕಾರದ ದೊಡ್ಡ ಸಾಹೇಬರೊಬ್ಬರ ಬಂಗಲೆಯಲ್ಲಿ, ಕಾಯಿಪಲ್ಲೆ ತಿನ್ನುವ ಅತಿಥಿಗಳಿಗೆ ಅಡಿಗೆ ಮಾಡಲು ಅವನು ಸೇರಿಕೊಂಡ. ಅಂಥ ಅತಿಥಿಗಳು ವರ್ಷಕ್ಕೆ ಇಬ್ಬರೋ ಮೂವರೋ ಬರುತ್ತಿದ್ದರು. ಉಳಿದ ದಿನ ಏನು ಮಾಡಬೇಕು? ಅಲ್ಲಿದ್ದ ಮುದಿ ಬಾವರ್ಚಿ ಉಸ್ತಾದರ ಹಿಂದೆ ನಿಂತು, ವಿಲಾಯತಿಗೆ ಹೋಗಿಬಂದ ಸಾಹೇಬರಿಗೆ ಪ್ರಾಣವಾಗಿದ್ದ ಬೆಣ್ಣೆಮೀನು ಮಾಡುವುದನ್ನು ಕಲಿತುಬಿಟ್ಟ.

ಪೊಲೀಸ್ ಆಕ್ಷನ್ನಿನಲ್ಲಿ ಹಿಂದೂಸ್ತಾನದ ಫೌಜು ಬೀದರಿಗೆ ಬಂದ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತು. ಸಾಹೇಬರು ಅಡಿಗೆಮನೆಗೆ ಓಡಿಬಂದು “ಏನು ಖಬರ?” ಎಂದು ಕೇಳಿದರಂತೆ. ಮಾಮಾ ತವೆಯ ಮೀನಿನಿಂದ ಕಣ್ಣು ತೆಗೆಯದೆ, “ಇನ್ನೊಂದ ಮಗ್ಗಲಾ ಆಗಬೇಕ್ರಿ ಸಾಹೇಬರ, ಉಂಡೇ ಹೋಗ್ರಿ” ಎಂದನಂತೆ. ಸಾಹೇಬರೂ ಎಂಥವರು! ಕೂತು ಉಂಡು, ಬೆರಳು ಚೀಪಿ, ಆಮೇಲೆ ಹೈದರಾಬಾದಿನ ದಾರಿ ಹಿಡಿದರು. ಹೋಗುವಾಗ ಸಾಹೇಬರ ಹೆಂಡತಿ ಮಾಮನ ಕೈಗೆ ಹಿಡಿಕೆಯಿದ್ದ ಆ ದಪ್ಪ ಕಬ್ಬಿಣದ ತವೆಯನ್ನು ಕೊಟ್ಟರು. ಮಾಮಾ ಅದನ್ನು ಎದೆಗೊತ್ತಿಕೊಂಡು ಮನೆಗೆ ಬಂದ. ಗುಂಡು ಬಿದ್ದರೆ ತಡೆಯಲೆಂದು ತವೆ ಹಿಡಿದಿದ್ದಾನೆಂದು ಅವ್ವ ಹೆಮ್ಮೆಪಟ್ಟಳು. ಆ ಹೆಮ್ಮೆ ಮುಂದಿನ ಶುಕ್ರವಾರದವರೆಗೂ ಇತ್ತು.

ಉಸ್ತಾದರ ವಿಷಯ ಮಾತ್ರ ನಗುವಂಥದ್ದಲ್ಲ. ಆ ಗದ್ದಲದ ದಿನಗಳಲ್ಲಿ ಅವರು ಔರಾದಿನಲ್ಲಿದ್ದ ತಂಗಿಯನ್ನು ನೋಡಿ ಬರುತ್ತೇನೆಂದು ಹೊರಟವರು ಮರಳಿ ಬರಲಿಲ್ಲ. ಏನಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆಗ ಬೀದರಿನ ಯಾವ ಮನೆಯಲ್ಲೂ ಅಂಥದ್ದನ್ನು ಕೇಳುತ್ತಿರಲಿಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲಿನ ಒಲೆ ಉರಿಯತೊಡಗಿತು. ಮಾಂಜ್ರಾ ಹೊಳೆಯ ಮೀನನ್ನು ಮಾಮಾ ಹಳೆಯ ಧೋತರದ ತುಂಡಿನಿಂದ ಕೂಸಿನ ಮೈ ಒರೆಸಿದಂತೆ ಒರೆಸಿ, ಉಪ್ಪು ಹಚ್ಚಿ ಇಡುತ್ತಿದ್ದ. ನೀರಿನ ಹನಿ ಚಿಮುಕಿಸಿದರೆ ಕುಣಿಯುವಷ್ಟು ತವೆ ಕಾಯಬೇಕು. ಮೀನಿಟ್ಟ ಮೇಲೆ ಮುಟ್ಟಬಾರದು. ನಾನು ದೂರ ನಿಂತು, ಮೂಗಿಗೆ ಸೆರಗು ಹಿಡಿದು, “ಹೊತ್ತಲತ್ತದ ಮಾಮಾ, ತಿರುವು” ಎಂದರೆ, “ಅವಸರ ಮಾಡಬ್ಯಾಡವ್ವಿ. ಆದಮ್ಯಾಲ ಮೀನು ತಾನೇ ತವಾ ಬಿಡ್ತದ. ಮೊದಲೇ ಎಬ್ಬಿಸಿದ್ರ ತೊಗಲು ಹರೀತದ. ಉಸ್ತಾದರು ಹೇಳ್ಯಾರ” ಎನ್ನುತ್ತಿದ್ದ. ತಿರುವಿದ ಮೇಲೆ ಬೆಣ್ಣೆ. ಅದು ನೊರೆಯೆದ್ದು, ನೊರೆ ಇಳಿದು, ಬಂಗಾರದ ಬಣ್ಣಕ್ಕೆ ಬಂದಾಗ ಜಜ್ಜಿದ ಬೆಳ್ಳುಳ್ಳಿ, ಮೇಲೆ ನಿಂಬೆಹಣ್ಣು, ಒಂದು ಚಿಟಿಕೆ ಕೊತ್ತಂಬರಿ. ತವೆಯನ್ನು ಓರೆ ಹಿಡಿದು ಆ ಬೆಣ್ಣೆಯನ್ನೇ ಚಮಚದಿಂದ ಮೀನಿನ ಮೇಲೆ ಹತ್ತು ಸಲ ಎರೆಯುತ್ತಿದ್ದ. ಬೆಣ್ಣೆ ಯಾವುದು ಗೊತ್ತೇ? ಅವ್ವ ಜಂಗಮರ ಊಟಕ್ಕೆಂದು ತೆಗೆದಿಟ್ಟದ್ದು!

“ಲಿಂಗಾ ಕಟ್ಟಿಕೊಂಡು ಇದೇನೋ ನಿಂದು?” ಎಂದು ಅಪ್ಪ ಒಮ್ಮೆ ಹೌಹಾರಿದರು. ಮಾಮಾ ಶಾಂತವಾಗಿ, “ಕಾಯಕಕ್ಕ ಮೇಲು ಕೀಳು ಇಲ್ಲಂತ ದಿನಾ ನೀವೇ ಹೇಳ್ತೀರಲ್ರಿ?” ಎಂದ. ಅಪ್ಪ ಆ ರಾತ್ರಿ ಊಟ ಬಿಟ್ಟು ವಚನದ ಪುಸ್ತಕವನ್ನೆಲ್ಲ ತಿರುವಿಹಾಕಿದರು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಏನ್ ವಾಸನೀರಿ ಇದು?” ಎಂದು ಕೇಳಿದಾಗ ಅವ್ವ ಥಟ್ಟನೆ, “ಎಮ್ಮಿಗಿ ಔಷಧ ಕುದಸ್ಲತ್ತೀವ್ರಿ” ಎಂದುಬಿಟ್ಟಳು. ಬಚಾವಾದೆವು ಎಂದುಕೊಂಡೆವು. ಮುಂದಿನ ವಾರ ಆಕೆ ಬಟ್ಟಲು ಹಿಡಿದು ಬಂದಳು: “ನಮ್ಮ ಎಮ್ಮೀನೂ ಮೇವು ಬಿಟ್ಟದ್ರಿ, ಒಂದೀಟು ಕೊಡ್ರಿ!” ನಾನು ನಾಚಿಕೆಯಿಂದ ಕಣಜದ ಹಿಂದೆ ಅಡಗಿ ಕೂತೆ.

ಮಾಡಿದ ಮೀನನ್ನು ಮಾಮಾ ಮನೆಯಲ್ಲಿ ತಿನ್ನುತ್ತಿರಲಿಲ್ಲ. ಮುಚ್ಚಳ ನೆಗ್ಗಿದ ಒಂದು ಕಲಾಯಿ ಡಬ್ಬಿಗೆ ಹಾಕಿ, ಅರಿವೆ ಕಟ್ಟಿ, ಹೊರಟುಬಿಡುತ್ತಿದ್ದ. ತಾಸೆರಡು ತಾಸಿನ ಮೇಲೆ ಬಂದು ಬಾವಿಯ ಬಳಿ ಕೊಡಗಟ್ಟಲೆ ನೀರು ಸುರಿದುಕೊಂಡು, ಲಿಂಗಪೂಜೆ ಮಾಡಿ, ರೊಟ್ಟಿ ಝುಣಕ ಉಣ್ಣುತ್ತಿದ್ದ. ಎಲ್ಲಿಯೋ ಹಾಳು ಗೋಡೆಯ ಮರೆಯಲ್ಲಿ ಕೂತು ಮೀನು ತಿಂದು ಬರುತ್ತಾನೆ, ಆ ಪಾಪ ತೊಳೆಯಲು ಇಷ್ಟು ನೀರು ಬೇಕು ಎಂಬುದು ಮನೆಯವರೆಲ್ಲರ ತೀರ್ಮಾನ. ಬರುವಾಗ ಡಬ್ಬಿಯಲ್ಲಿ ನನಗೆ ಒಂದು ಹಿಡಿ ಕಲ್ಲುಸಕ್ಕರೆ ಇರುತ್ತಿತ್ತು. “ಬಾಯಿ ಮುಚ್ಚಸ್ಲಿಕ್ಕ ತರ್ತಾನ” ಎನ್ನುತ್ತಿದ್ದರು ಅಪ್ಪ. ನಾನು ಬಾಯಿ ಮುಚ್ಚಿಕೊಂಡೇ ಚೀಪುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ಆಗ ಭಾಲ್ಕಿಯಿಂದ ನನಗೊಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಮನೆತನ ದೊಡ್ಡದು, ಮಡಿವಂತಿಕೆ ಅದಕ್ಕಿಂತ ದೊಡ್ಡದು. ಬಾಣಲೆಯಲ್ಲಿ ಬೆಳ್ಳುಳ್ಳಿ ಬಿದ್ದರೆ ಮೂರು ಮನೆ ಆಚೆ ಹೋಗಿ ಕೂರುವ ಜನ! ಹುಡುಗನ ಫೋಟೋ ನೋಡಿದ್ದೆ. ಸುಳ್ಳೇಕೆ ಹೇಳಲಿ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಕನ್ಯೆ ನೋಡಲು ಅವರು ಬರುವ ದಿನ ಯಾವುದೆನ್ನುತ್ತೀರಿ? ಶುಕ್ರವಾರ!

ಗುರುವಾರ ಸಂಜೆ ಅವ್ವ, ಅಪ್ಪ ಸೇರಿ ಉಪಾಯ ಮಾಡಿದರು. ಠಾಣಾ ಕುಶನೂರಿನಲ್ಲಿದ್ದ ದೊಡ್ಡಮ್ಮನ ಮನೆಯಿಂದ ತೊಗರಿಬೇಳೆ ತರಲು ಮಾಮಾ ನಸುಕಿನ ಮೋಟಾರಿಗೆ ಹೋಗಬೇಕು. ಮನೆಯಲ್ಲಿ ಎರಡು ಮೂಟೆ ತೊಗರಿಬೇಳೆ ಇತ್ತು. ಮಾಮಾ ಆ ಮೂಟೆಗಳನ್ನು ನೋಡಿದ, ನಮ್ಮನ್ನು ನೋಡಿದ.

“ಹೋಗ್ತೇನಿ. ಆದ್ರ ಮುಂಜಾನಿ ಒಂದ ತಾಸು ಕೊಡ್ರಿ. ಮೀನು ಮಾಡಿಟ್ಟು, ಎರಡನೇ ಮೋಟಾರಿಗಿ ಹೋಗ್ತೇನಿ.”

ಆಗ ನಾನು ಬಾಯಿ ಹಾಕಿದೆ. “ಒಂದ ಶುಕ್ರವಾರ ಮೀನು ತಿನ್ನಲಿಲ್ಲಂದ್ರ ಸಾಯ್ತೀಯೇನು ಮಾಮಾ?”

ಮಾಮಾ ಬೇಳೆ ಕಟ್ಟಿ ತರಲು ಒಂದು ಅರಿವೆ ಎತ್ತಿ ಹೆಗಲಿಗೆ ಹಾಕಿಕೊಂಡ. ಶಿವದಾರ ಸರಿಮಾಡಿಕೊಂಡು ಎದ್ದುಹೋದ. ನನಗೆ ಅಷ್ಟಕ್ಕೂ ನಂಬಿಕೆ ಬರಲಿಲ್ಲ. ಅವನ ತವೆಯನ್ನು ಒಯ್ದು ಸಗಣಿ ಕುಳ್ಳಿನ ಒಟ್ಟಿಲಿನೊಳಗೆ ಹುಗಿದಿಟ್ಟೆ.

ಮರುದಿನ ಮಾಮಾ ನಸುಕಿನ ಮೋಟಾರಿಗೇ ಹೋದ, ಹೊತ್ತೇರಿದ ಮೇಲೆ ಭಾಲ್ಕಿಯವರು ಬಂದರು. ಹುಡುಗನ ತಾಯಿ ಪಡಸಾಲೆಯ ಗೋಡೆಗಳನ್ನು ಮೂಸಿ ನೋಡಿದಂತೆ ನನಗೆ ಅನಿಸಿತು. ನಾನು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು, ನೆಲ ನೋಡುತ್ತ ಕೂತಿದ್ದೆ. ಎಲ್ಲ ಸುಸೂತ್ರ. ಅಷ್ಟರಲ್ಲಿ ಹೊರಗೆ ಯಾರೋ ಕದ ತಟ್ಟಿದರು. ಅವ್ವ ಒಲೆಯ ಮುಂದಿದ್ದಳು, ನಾನೇ ಎದ್ದು ಹೋದೆ.

ಬಾಗಿಲಲ್ಲಿ ಹಳೆಯ ಬುರ್ಖಾದ ಮುದುಕಿ. ಶಹರದೊಳಗಿಂದ ಮೈಲೂರಿನ ತನಕ ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಮೆಲ್ಲಗೆ ಹೇಳಿದಳು: “ನಾ ಉಸ್ತಾದರ ಮನಿಯಾಕಿ, ಬೇಟಿ. ನಿಮ್ಮ ಮಾಮಾ ಆರಾಮ್ ಇದ್ದಾನಲ್ಲ? ಹರ ಜುಮ್ಮಾಕ್ಕ ನನಗ ಮೀನು ತಂದು ಕೊಡ್ತಾನ. ಇವತ್ತ ಬರಲಿಲ್ಲ. ಅವರೂ ಜುಮ್ಮಾದ ದಿನಾನೇ ಮಧ್ಯಾಹ್ನಕ್ಕ ಬರ್ತೇನಂತ ಹೋಗಿದ್ರು... ಮನಸು ನಿಲ್ಲಲಿಲ್ಲವ್ವಾ.”

ಮೀನು ತಿನ್ನುತ್ತಿದ್ದದ್ದು ಮಾಮಾ ಅಲ್ಲ! ಒಳಗಿಂದ ಹುಡುಗನ ತಾಯಿಯ ದನಿ ಬಂತು, “ಯಾರವ್ವಾ ಅವ್ರು?”

ನಾನು ಏನೆಂದೆ ಗೊತ್ತೇ? ಇಷ್ಟು ವರ್ಷಗಳಾದರೂ ಬರೆಯಲು ಕೈ ಹಿಂಜರಿಯುತ್ತದೆ. “ಯಾರೋ ಬೇಡ್ಲಿಕ್ಕ ಬಂದಾರ್ರಿ” ಎಂದೆ.

ಮುದುಕಿ ನನ್ನ ಮುಖ ನೋಡಿದಳು. ಸೀರೆ ನೋಡಿದಳು, ಹೂವು ನೋಡಿದಳು, ಹೊಸಿಲ ಬಳಿ ಸಾಲಾಗಿ ಬಿಟ್ಟಿದ್ದ ಅತಿಥಿಗಳ ಚಪ್ಪಲಿಗಳನ್ನು ನೋಡಿದಳು. ನಾನು ಒಳಗೋಡಿ ಎರಡು ಜೋಳದ ರೊಟ್ಟಿ ತಂದೆ. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಒಳಗಿನವರಿಗೆ ಕೇಳುವಂತೆ, “ಅಲ್ಲಾ ಭಲಾ ಕರೇ ಬೇಟಿ, ಹಸಿದವರಿಗಿ ಅನ್ನಾ ಕೊಟ್ಟಿ” ಎಂದು ದೊಡ್ಡ ದನಿಯಲ್ಲಿ ಹರಸಿದಳು. ಆಮೇಲೆ ದನಿ ತಗ್ಗಿಸಿ, “ಮಾಮಾ ಆರಾಮ್?” ಎಂದಳು. ಊರಿಗೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದೆ. “ಶುಕರ್” ಎಂದು ನಿಟ್ಟುಸಿರುಬಿಟ್ಟು ಹೋದಳು.

ಸಂಬಂಧ ಕೂಡಿತು! ಹೇಗೆ ಎನ್ನುತ್ತೀರಿ? “ಹುಡುಗಿಗಿ ದಾನ ಧರ್ಮದ ಬುದ್ಧಿ ಅದ” ಎಂದು ಹುಡುಗನ ತಾಯಿ ಬಾಯ್ತುಂಬ ಹೊಗಳಿ ಸಕ್ಕರೆ ಹಂಚಿದರು. ಆ ಸಕ್ಕರೆ ನನ್ನ ಬಾಯಲ್ಲಿ ಮಣ್ಣಾಯಿತು.

ಅವರನ್ನು ಕಳಿಸಲು ಹೊರಗೆ ಬಂದಾಗ ಕಟ್ಟೆಯ ಮೂಲೆಯಲ್ಲಿ ಕಲಾಯಿ ಡಬ್ಬಿ ಕಂಡಿತು. ಮುಚ್ಚಳ ನೆಗ್ಗಿದ, ಮಾಮನ ಡಬ್ಬಿ. ಹೋದ ಶುಕ್ರವಾರ “ಎಲ್ಲೋ ಬಿಟ್ಟು ಬಂದೆ” ಎಂದು ಅವನು ಬರಿಗೈಲಿ ಬಂದಾಗ ನಾನು ಮುಖ ಊದಿಸಿಕೊಂಡಿದ್ದೆ. ತೆರೆದರೆ ಅಂಚಿನ ತನಕ ಕಲ್ಲುಸಕ್ಕರೆ. ಉಂಡ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಎರಡು ವರ್ಷ ಆ ಬಡವಿ ಕಳಿಸಿದ ಸಕ್ಕರೆಯನ್ನು ನಾನು ಚೀಪಿದ್ದೆ. ಇವತ್ತು ನನಗೆಂದು ತುಂಬಿ ತಂದವಳು, ಬೇಡಲು ಬಂದವಳ ಕೈಯಲ್ಲಿ ಸಕ್ಕರೆ ಕಾಣಬಾರದೆಂದು ಸದ್ದಿಲ್ಲದೆ ಅಲ್ಲಿಟ್ಟು ಹೋಗಿದ್ದಳು. ನಾನು ಆಕೆಯನ್ನು ಭಿಕ್ಷುಕಿ ಮಾಡಿದೆ, ಆಕೆ ನನ್ನ ಮಾನ ಉಳಿಸಲು ಭಿಕ್ಷುಕಿಯಾದಳು.

ಸಂಜೆ ಮಾಮಾ ಬೇಳೆಯ ಗಂಟು ಹೊತ್ತು ಬಂದ. ನಾನು ಏನನ್ನೂ ಮುಚ್ಚದೆ ಎಲ್ಲವನ್ನೂ ಹೇಳಿದೆ.

“ಮೊದಲೇ ಯಾಕ ಹೇಳಲಿಲ್ಲ ಮಾಮಾ? ನೀನೇ ತಿಂತಿ ಅಂತ ತಿಳಿದಿದ್ದಿವಿ.”

“ಮೀನಿನ ಹುಚ್ಚ ಅಂತ ಬಿಟ್ಟಿದ್ರಿ. ಆ ಮನಿಗಿ ಒಯ್ಲತ್ತೀನಿ ಅಂದಿದ್ರ, ಆ ದಿನಮಾನದಾಗ, ಬಿಡ್ತಿದ್ದಿರೇನವ್ವಿ?”

ಕುಳ್ಳಿನ ಒಟ್ಟಿಲಿನಿಂದ ತವೆ ತೆಗೆದು ಬೂದಿ ಹಚ್ಚಿ ತಿಕ್ಕಿದೆ.

ಶನಿವಾರ ಬೆಳಿಗ್ಗೆ ಒಲೆಯ ಮುಂದೆ ನಾನು ಕೂತೆ. ಮಾಮಾ ಬೆಳ್ಳುಳ್ಳಿ ಸುಲಿಯುತ್ತ ದೂರದಿಂದ ಹೇಳಿಕೊಟ್ಟ. ಮೀನು ತಾನಾಗಿ ತವೆ ಬಿಡುವವರೆಗೆ ಕಾಯಲಾಗಲಿಲ್ಲ, ಎಬ್ಬಿಸಿದೆ, ತೊಗಲು ಹರಿಯಿತು. “ಇರ್ಲಿ ಬಿಡು” ಎಂದ ಮಾಮಾ. ಡಬ್ಬಿ ನಾನೇ ಹಿಡಿದುಕೊಂಡೆ. ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವಂತೆ, ಮಾಮನ ಜೊತೆ ಬೀದಿಯಲ್ಲಿ ನಡೆದೆ.

ಮುದುಕಿಯ ಮನೆ ಒಂದೇ ಕೋಣೆ. ಹೊಸಿಲಲ್ಲಿ ನಿಂತು ತಪ್ಪಾಯಿತು ಎನ್ನಲು ಹೋದೆ. ಆಕೆ ನನ್ನ ಗದ್ದ ಹಿಡಿದು, “ರೊಟ್ಟಿ ಭಾಳ ಮೆತ್ತಗಿದ್ವು ಬೇಟಿ” ಎಂದು ಕೂಡಿಸಿದಳು. ಮೀನಿನ ಮೊದಲ ತುತ್ತು ಬಾಯಿಗಿಟ್ಟಳು. ಮಾಮಾ ಹೊಸಿಲಾಚೆ ನಿಂತು, ಪರೀಕ್ಷೆ ಬರೆದವನಂತೆ ಆಕೆಯ ಮುಖವನ್ನೇ ನೋಡುತ್ತ, “ಉಪ್ಪು?” ಎಂದು ಕೇಳಿದ. ತಾನು ಎಂದೂ ರುಚಿ ನೋಡದ ಅಡಿಗೆಗೆ ಪ್ರತಿ ಶುಕ್ರವಾರ ಅವನು ಕೇಳುತ್ತಿದ್ದದ್ದು ಅದೊಂದೇ ಮಾತಂತೆ.

ಮುದುಕಿ ನನ್ನ ಕಡೆ ನೋಡಿದಳು. “ಬರೋಬ್ಬರಿ ಅದ” ಎಂದಳು. ಒಂದು ಚೂರೂ ಬಿಡದೆ ತಿಂದು, ಎರಡು ತಂಬಿಗೆ ನೀರು ಕುಡಿದಳು.

ಮರಳಿ ಬರುವಾಗ ಮಾಮಾ ನಡುದಾರಿಯಲ್ಲಿ ನಿಂತ. “ಅವ್ವಿ, ಮೀನಿಗಿ ನೀ ಉಪ್ಪು ಹಾಕಿದ್ದೇನು?”

“ತವಾಕ್ಕ ಇಡೋಕಿಂತ ಮೊದಲು ಹಾಕಿದ್ದೆ ಮಾಮಾ, ಒಂದ ಹಿಡಿ.”

“ನಾನೂ ಹಚ್ಚಿಟ್ಟಿದ್ದೆ.”

ಎರಡು ದಿನದಲ್ಲಿ ನನಗಾಗಿ ಆಕೆ ಹೇಳಿದ ಎರಡನೆಯ ಸುಳ್ಳು ಅದು. ನಾನು ಬೀದಿಯಲ್ಲೇ ನಿಂತು, ನಾಲ್ಕು ಜನರೆದುರು, “ಮಾಮಾ” ಎಂದು ದೊಡ್ಡದಾಗಿ ಅತ್ತುಬಿಟ್ಟೆ.