ರೊಟ್ಟಿ ಬಡಿದ ಮೊಣಕಾಲು

"ಅನ್ನದ ಊರಿನ ಹೆಣ್ಣು, ಇಕಿ ರೊಟ್ಟಿ ಅಂಗಡಿ ನಡಸ್ತಾಳಂತ" ಎಂದು ನನ್ನ ಅತ್ತೆ ಖಾಸಬಾಗದ ಓಣಿಯಲ್ಲೆಲ್ಲ ಹೇಳಿ ಬಂದಿದ್ದರು. ನನ್ನ ತವರು ಖಾನಾಪುರ. ನಮ್ಮ ಕಡೆ ಭತ್ತವೇ ಬೆಳೆ, ಅನ್ನವೇ ಊಟ. ಜೋಳದ ಹಿಟ್ಟು ನಾದಲು ಕಲಿತದ್ದು ಮದುವೆಯಾದ ಮೇಲೆ, ಅತ್ತೆಯ ಬೈಗುಳದ ಜೊತೆ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ನೆಲದ ಮೇಲೆ ಕುಂತು ಬಡಿದರೆ ಮಾತ್ರ ರೊಟ್ಟಿ ಎಂಬುದು ಅವರ ಕಾನೂನು. ಹಟದಿಂದ ಹಾಗೇ ಕುಂತೆ, ಅಂಗಡಿಯನ್ನೂ ಕಟ್ಟಿ ನಿಲ್ಲಿಸಿದೆ. ಬಲ ಮೊಣಕಾಲು ಕೈಕೊಟ್ಟಿತು. ಅಂದಿನಿಂದ ಈ ಮುಂದಿನಂಥ ಪ್ರಸಂಗಗಳು ನಡೆಯುತ್ತಲೇ ಇವೆ.

ಡಾಕ್ಟರ ಮುಂದೆ ಪಾಠ

ನನ್ನ ಶಾಲೆ ಬೇಗ ನಿಂತಿತು, ಓದು ನಿಲ್ಲಲಿಲ್ಲ. ರದ್ದಿ ಅಂಗಡಿಯಲ್ಲಿ ಸಿಕ್ಕ ದೇಹರಚನೆಯ ಪುಸ್ತಕದಲ್ಲಿ ಮೊಣಕಾಲಿನ ಪಾಠವನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡೇ ಆಸ್ಪತ್ರೆಗೆ ಹೋದೆ. ಮೊಣಕಾಲು ಬರೀ ಬಾಗಿಲ ಕೀಲಲ್ಲ, ತೊಡೆಯೆಲುಬು ಲಟ್ಟಣಿಗೆಯ ಹಾಗೆ ಉರುಳುತ್ತಲೇ ಜಾರುತ್ತದೆ, ಬರೀ ಉರುಳಿದ್ದರೆ ಹಿಂದಕ್ಕೆ ಬಿದ್ದೇ ಹೋಗುತ್ತಿತ್ತು. ನಡುವೆ ಎರಡು ಅರ್ಧಚಂದ್ರದ ಮೆತ್ತೆಗಳಿವೆ, ಮುಂದಿನ ಚಿಪ್ಪು ಬಾವಿಯ ರಾಟೆಯಂತೆ, ತೊಡೆಯ ಸ್ನಾಯು ಅದರ ಹಗ್ಗ ಎಂದೆಲ್ಲ ಹೇಳಿದೆ. ಡಾಕ್ಟರು ಪೂರ್ತಿ ಕೇಳಿದರು. ಇನ್ನು ಮುಂದೆ ನೆಲದ ಮೇಲೆ ಕೂಡಲೇಬಾರದು, ಕೂತರೆ ಆಪರೇಷನ್ನೇ ಗತಿ ಎಂದರು. ಹಾಗಾದರೆ ರೊಟ್ಟಿ ಹೇಗೆ ಬಡಿಯಲಿ ಎಂದು ಕೇಳಿದೆ.

"ಕೈಲೆ ಬಡೀರಿ," ಎಂದರು. "ಮೊಣಕಾಲಿಲೆ ಬ್ಯಾಡ್ರಿ."

ಎಕ್ಕೆಯ ಎಲೆ

ನೆಲ ಬಿಟ್ಟರೆ ಅತ್ತೆಗೆ ಸೋತಂತೆ, ಬಿಡದಿದ್ದರೆ ಕಾಲೂ ಇಲ್ಲ ಅಂಗಡಿಯೂ ಇಲ್ಲ. ತೀರ್ಮಾನಕ್ಕೆ ಬರುವತನಕ ಬಾಜು ಮನೆಯ ಮರಾಠಿ ಚಿಕ್ಕಮ್ಮ, ನಮ್ಮ ಕಾಕು, ಹೇಳಿದಂತೆ ಎಕ್ಕೆಯ ಎಲೆಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದೆ. ಅವಸರದಲ್ಲಿ ಒಂದು ಎಲೆ ರೊಟ್ಟಿಯ ಪಾರ್ಸಲ್ಲಿನೊಳಗೆ ಹೋಯಿತು. ಸಂಜೆ ಆ ಗಿರಾಕಿ ತಿರುಗಿ ಬಂದ. ಜಗಳಕ್ಕೇ ಬಂದ ಎಂದುಕೊಂಡು ನಾನೂ ಸಿದ್ಧಳಾದೆ.

"ಅಕ್ಕಾರ, ಆ ಎಲಿ ನಮ್ಮಪ್ಪನ ಮೊಣಕಾಲಿಗೆ ಕಟ್ಟೀವ್ರಿ," ಎಂದ. "ನಾಳಿಂದ ಎರಡು ಹಾಕ್ರಿ, ಅವ್ವಂದೂ ನೋಯಾಕತ್ತೈತಿ."

ಅತ್ತೆಯ ಉಪವಾಸ

ಕೊನೆಗೆ ಅಂಗಡಿಯಲ್ಲಿ ಸೊಂಟದೆತ್ತರದ ಕಟ್ಟೆ ಕಟ್ಟಿಸಿದೆ. ನಾನೂ ನಮ್ಮ ಕೆಲಸದ ಹೆಣ್ಣುಮಕ್ಕಳೂ ನಿಂತು ಬಡಿಯತೊಡಗಿದೆವು. ನಿಂತು ಬಡಿದದ್ದನ್ನು ಬಾಯಿಗೆ ಹಚ್ಚುವುದಿಲ್ಲ ಎಂದು ಅತ್ತೆ ಶಪಥ ಮಾಡಿದರು. ಅವರ ಮೊಣಕಾಲೂ ಸವೆದು ಎಷ್ಟೋ ವರ್ಷವಾಗಿತ್ತು, ತಾವೇ ಬಡಿಯುವಂತಿರಲಿಲ್ಲ. ಹೀಗಾಗಿ ಅನ್ನದ ಊರಿನವಳೆಂದು ನನ್ನನ್ನು ಆಡಿಕೊಂಡವರು ಮಳೆಗಾಲ ಪೂರ್ತಿ ಮೂರೂ ಹೊತ್ತು ಅನ್ನ ಉಂಡರು.

ಖಾನಾಪುರದ ನನ್ನ ಅವ್ವ ಇದನ್ನು ಕೇಳಿ, "ಇನ್ನ ಅವರಿಗೆ ನಮ್ಮೂರಾಗ ವರಾ ನೋಡಬಹುದು," ಎಂದಳು.

ಗೃಹಪ್ರವೇಶ

ಅಂಗಡಿಯ ಹಿಂದೆಯೇ ಮನೆ ಕಟ್ಟಿಸಿದೆ. ಪೂಜೆಗೆ ನಾನು, ನನ್ನ ಬಾಜು ಅತ್ತೆ, ಇಬ್ಬರೂ ಮಣೆಯ ಮೇಲೆ ಕುಂತೆವು. ಅವತ್ತೊಂದು ದಿನ ಕುರ್ಚಿ ಬೇಡ ಎಂದದ್ದು ನನ್ನದೇ ಹಟ. ಪೂಜೆ ಮುಗಿಯಿತು. ಏಳ್ರಿ ತಾಯಿ ಎಂದರು ಅಯ್ಯನವರು. ನಾನು ಏಳಲಿಲ್ಲ. ಅತ್ತೆಯೂ ಏಳಲಿಲ್ಲ. ಭಕ್ತಿ ಜಾಸ್ತಿಯಾಗಿದೆ ಎಂದು ತಿಳಿದ ಅಯ್ಯನವರು ಇನ್ನೊಂದು ಮಂತ್ರ ಹೇಳಿದರು. ಅದೂ ಮುಗಿಯಿತು. ರಾಟೆ ಸವೆದ ಮೇಲೆ ಹಗ್ಗ ಎಷ್ಟು ಜಗ್ಗಿದರೂ ಕೊಡ ಮೇಲೆ ಬರುವುದಿಲ್ಲ ಎಂದು ನಾನು ಅತ್ತೆಯ ಕಿವಿಯಲ್ಲಿ ವಿವರಿಸತೊಡಗಿದೆ.

"ಸುಮ್ಮಕಿರು," ಎಂದರು ಅತ್ತೆ. "ಕುಂದರೂದು ನಾ ಕಲಿಸೀನಿ. ಏಳೂದು ನನಗೂ ಯಾರೂ ಕಲಿಸಿಲ್ಲ."

ಕಟ್ಟೆಯ ಮುಂದೆ ನಿಂತು ಬಡಿಯುವ ನಮ್ಮ ಹೆಣ್ಣುಮಕ್ಕಳೇ ಬಂದು, ಜೋಳದ ಚೀಲ ಎತ್ತುವ ಹಾಗೆ ಇಬ್ಬರನ್ನೂ ಎತ್ತಿ ಕುರ್ಚಿಗೆ ಹಾಕಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಎತ್ತಿದವರ ಕಾಲನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡದೆ, "ಆ ನಿಂತು ಬಡದದ್ದು ಒಂದ ತರಸು. ಮೆತ್ತಗಂದು," ಎಂದರು. ಎರಡು ತಿಂದರು.

ಈಗ ಖಾಸಬಾಗದಲ್ಲಿ ಅಂಗಡಿ ನನ್ನದು, ಮನೆ ನನ್ನದು, ಅತ್ತೆಗೊಂದು ನನಗೊಂದು ಎತ್ತರದ ಕುರ್ಚಿಯೂ ಇದೆ. ಇಷ್ಟಕ್ಕೆ ಕೊಟ್ಟದ್ದು ಒಂದು ಬಲ ಮೊಣಕಾಲು.